ಎಳೆಯ ಹೆಗಲಿನ ಋಣ

ಬಳ್ಳಾರಿಯ ಕಂಟೋನ್ಮೆಂಟ್ ಎಂದರೆ ಹಿಂದಿನ ತಲೆಮಾರಿನವರಿಗೆ ದಂಡಿನ ನೆನಪು ಬರುತ್ತಿದ್ದಿತು. ಇಂದಿನವರಿಗೆ ಬರುವುದು ಆಸ್ಪತ್ರೆಯ ನೆನಪು. ೧೯೬೧ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೆ ಸೇರಿದ, ಜನರು ಬಹುಕಾಲ ವಿಮ್ಸ್ ಎಂದೇ ಕರೆಯುತ್ತ ಬಂದ ಆ ಆಸ್ಪತ್ರೆಗೆ ಸಿರುಗುಪ್ಪ, ಕುರುಗೋಡು, ಸಂಡೂರು ಕಡೆಗಳಿಂದ ದಿನವೂ ರೋಗಿಗಳು ಬರುವರು. ರೋಗಿಯನ್ನು ಎಲ್ಲರೂ ನೋಡುವರು. ರೋಗಿಯನ್ನು ಕರೆತಂದವರನ್ನು ನೋಡುವವರು ಕಡಮೆ.

ಆ ರಸ್ತೆಯ ಬೇವಿನ ಮರದ ನೆರಳಿನಲ್ಲಿ ಒಮ್ಮೆ ಹನ್ನೆರಡು ಹದಿಮೂರು ವರುಷದ ಹುಡುಗಿಯೊಬ್ಬಳನ್ನು ಕಂಡೆನು. ಪಾರ್ಶ್ವವಾಯುವಿನಿಂದ ಒಂದು ಮಗ್ಗುಲು ಬಿದ್ದುಹೋಗಿದ್ದ ಅಜ್ಜಿಯನ್ನು ತೊಡೆಗೆ ಆನಿಸಿಕೊಂಡು ಗಂಜಿ ಕುಡಿಸುತ್ತಿದ್ದಳು. ಸಿರುಗುಪ್ಪದ ಕಡೆಯ ಒಂದು ಹಳ್ಳಿ, ನಾಯಕರ ಓಣಿಯ ಮನೆ. ತಂದೆ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದನು. ತಾಯಿ ಭತ್ತದ ನಾಟಿಗೆ. ಬೆಳಗಿನ ಗುಳಿಗೆ ಯಾವುದು, ರಾತ್ರಿಯದು ಯಾವುದು ಎಂಬುದೆಲ್ಲ ಆ ಹುಡುಗಿಗೆ ಬಾಯಿಪಾಠವಾಗಿದ್ದಿತು.

"ದೊಡ್ಡೋರು ಯಾರು ಬಂದಾರವ್ವ?" ಎಂದು ಕೇಳಿದೆನು.

"ನಾನೇ ಬಂದೀನ್ರಿ" ಎಂದಳು.

ನಾನು ಮೆಚ್ಚಿ, ಶ್ರವಣಕುಮಾರನಂಥ ಮಗಳೆಂದು ಹೊಗಳಿದೆನು. ಬಳಿಕ, "ಸಾಲಿಗೆ ಹೋಗೋದಿಲ್ಲೇನು?" ಎಂದೆನು. "ಅಜ್ಜಿ ಎದ್ದು ಓಡಾಡಿದ ಮ್ಯಾಲೆ ಹೋಗ್ತೀನ್ರಿ" ಎಂದಳು. ಆ ಅಜ್ಜಿ ಮತ್ತೆ ಎದ್ದು ಓಡಾಡುವುದು ಸಂದೇಹವೆಂದು ನೋಡಿದವರಿಗೆ ತಿಳಿಯುವಂತಿದ್ದಿತು. ನನ್ನ ಹೊಗಳಿಕೆಯ ಬಗೆಗೆ ನನಗೇ ನಾಚಿಕೆಯಾದುದು ಆಗ. ಆ ನಾಚಿಕೆಗೆ ಕಾರಣವಿದ್ದಿತೆ, ಇಲ್ಲವೆ ಎಂಬುದೇ ಈ ಲೇಖನದ ವಿಚಾರ.

ಹಿರಿಯರ ಸೇವೆ ಧರ್ಮವೆಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಕಾವಡಿಯಲ್ಲಿ ಕುರುಡ ತಂದೆತಾಯಿಗಳನ್ನು ಹೊತ್ತ ಬಾಲಕನ ಕಥೆಯನ್ನು ಕೇಳದ ಮಗುವಿಲ್ಲ. ಆದರೆ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸಿಬಿಡುತ್ತೇವೆ. ಸರಯೂ ನದಿಯ ತೀರದಲ್ಲಿ ನೀರು ತುಂಬಿಸುತ್ತಿದ್ದ ಆ ಹುಡುಗನು ದಶರಥನ ಬಾಣಕ್ಕೆ ಬಿದ್ದನು. ಕೊಡದ ಸದ್ದನ್ನು ಅರಸನು ಆನೆಯ ಸದ್ದೆಂದು ಭ್ರಮಿಸಿದ್ದನು. ಒಂದು ಬಾಣಕ್ಕೆ ಮೂರು ಜೀವಗಳು ಹೋದುವು. ಏಕೆ? ಆ ಇಬ್ಬರು ವೃದ್ಧರಿಗೆ ಲೋಕದಲ್ಲಿ ಬೇರೆ ಹೆಗಲೇ ಇರಲಿಲ್ಲ. ಮಗನ ಭಕ್ತಿ ದೊಡ್ಡದು, ನಿಜ. ಆದರೆ ಎಲ್ಲ ಭಾರವೂ ಒಂದೇ ಎಳೆಯ ಹೆಗಲಿನ ಮೇಲೆ ನಿಂತ ಮನೆಗೆ ಬರುವ ಕೇಡು ಎಂಥದೆಂಬುದನ್ನೂ ಆ ಕಥೆ ಹೇಳುತ್ತದೆ. ವಾಲ್ಮೀಕಿಯು ಶಾಪವನ್ನು ಇಟ್ಟುದು ಮಗನ ತಲೆಯ ಮೇಲಲ್ಲ. ಪ್ರಜೆಗಳನ್ನು ಕಾಯಬೇಕಾಗಿದ್ದ ಅರಸನ ತಲೆಯ ಮೇಲೆ.

ಇದಕ್ಕೆ ಪ್ರತಿಯಾಗಿ ಒಂದು ಮಾತುಂಟು. ಮನೆಯ ಕಷ್ಟದಲ್ಲಿ ಪಾಲುಗೊಂಡ ಮಗು ಕರುಣೆಯನ್ನು ಕಲಿಯುತ್ತದೆ. ಸೇವೆಯಿಂದ ಅದನ್ನು ಬಿಡಿಸಿದರೆ ನೆಂಟತನದ ಬೇರನ್ನೇ ಕಿತ್ತಂತೆ. ಈ ಮಾತು ಹುಸಿಯಲ್ಲ. ಆ ಹುಡುಗಿಯನ್ನು ಅಜ್ಜಿಯಿಂದ ಅಗಲಿಸಿ ಎಲ್ಲಿಯೋ ಒಂದು ನಿಲಯದಲ್ಲಿ ಇರಿಸಿದ್ದರೆ ಅವಳು ಸುಖಪಡುತ್ತಿರಲಿಲ್ಲ. "ನಾನೇ ಬಂದೀನ್ರಿ" ಎಂಬ ಮಾತಿನಲ್ಲಿ ದೈನ್ಯವಿರಲಿಲ್ಲ, ಹೆಮ್ಮೆಯಿದ್ದಿತು. ಆ ಹೆಮ್ಮೆಯನ್ನು ಕಳೆಯುವ ಹಕ್ಕು ನಮಗಿಲ್ಲ.

ಹಾಗಾದರೆ ಧರ್ಮಕ್ಕೂ ಅನ್ಯಾಯಕ್ಕೂ ನಡುವಣ ಗೆರೆ ಎಲ್ಲಿ? ನನಗೆ ತೋರುವ ಪರೀಕ್ಷೆ ಒಂದೇ: ಹೊತ್ತವನು ಒಂದು ಗಳಿಗೆ ಕೆಳಗಿಳಿಸಬೇಕೆಂದರೆ ಭಾರವನ್ನು ಹಿಡಿಯಲು ಇನ್ನೊಂದು ಕೈ ಇದೆಯೆ? ಇದ್ದರೆ ಅದು ಸೇವೆ. ಇಲ್ಲದಿದ್ದರೆ ಅದು ಸೆರೆ. ಪ್ರೀತಿಯಿಂದ ಹೊತ್ತನೆಂಬ ಮಾತ್ರದಿಂದ ಸೆರೆಯು ಸೆರೆಯಲ್ಲದೆ ಹೋಗುವುದಿಲ್ಲ. ದೊಡ್ಡವರಿಗೆ ಇದು ಕಷ್ಟ, ಮಕ್ಕಳಿಗೆ ನಷ್ಟ. ಏಕೆಂದರೆ ಕಳೆದ ಬಾಲ್ಯವನ್ನು ಯಾರೂ ಹಿಂದಿರುಗಿಸಲಾರರು.

ನಮ್ಮ ಶಾಸನವೂ ಈ ಭೇದವನ್ನು ಬಲ್ಲದು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಆದ ಕಾಯಿದೆಯು ಮಕ್ಕಳೆಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ಹೇಳಿ, ಅಪ್ರಾಪ್ತ ವಯಸ್ಕರು ಅದರಲ್ಲಿ ಸೇರರೆಂದು ಸ್ಪಷ್ಟವಾಗಿ ಹೇಳುತ್ತದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವರುಷದವರೆಗೆ ಉಚಿತ ಶಿಕ್ಷಣವನ್ನು ವಿಧಿಸಿದೆ. ಎಂದಮೇಲೆ ಮೊಮ್ಮಗಳು ತೀರಿಸುತ್ತಿರುವುದು ಅವಳ ಋಣವಲ್ಲ, ನಮ್ಮ ಋಣ. ಕಾಯಿದೆಯು ಅವಳನ್ನು ಹೊಣೆಯಿಂದ ಬಿಡಿಸಿತು. ಆದರೆ ಆ ಹೊಣೆಯನ್ನು ಹೊರಲು ಅವಳ ಮನೆಗೆ ಯಾರೂ ಹೋಗಲಿಲ್ಲ.

ಹೋಗತಕ್ಕವರು ಯಾರು? ೨೦೦೫ರಲ್ಲಿ ಮೊದಲಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರು ಬಂದಿರುವರು. ಆಕೆ ಮನೆಯ ಹೊಸ್ತಿಲಲ್ಲಿ ನಿಂತು, "ಕಾಯಿಲೆ ಯಾರಿಗೆ?" ಎಂದು ಕೇಳುವಳು. ಅದರ ಜೊತೆಗೆ "ನೋಡಿಕೊಳ್ಳುವವರು ಯಾರು? ಅವರು ನಿದ್ದೆ ಮಾಡುವರೆ? ಸಾಲಿಗೆ ಹೋಗುವರೆ?" ಎಂದೂ ಕೇಳುವಂತಾಗಬೇಕು. ಉತ್ತರವು ಮಗುವಿನ ಹೆಸರಾದರೆ, ಮಾಡಲು ದಾರಿಗಳಿವೆ. ತಂದೆತಾಯಿಗಳು ಮಾರಕ ರೋಗಕ್ಕೆ ತುತ್ತಾಗಿಯೋ ಮೈಬಲವನ್ನು ಕಳೆದುಕೊಂಡೋ ಇದ್ದರೆ, ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ ೪೦೦೦ ರೂಪಾಯಿ ದೊರೆಯಬಹುದು. ಕ್ಷಯರೋಗಿಗೆ ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿದ್ದರು. ೨೦೨೪ರ ನವೆಂಬರಿನಿಂದ ಅದು ೧೦೦೦ ಆಗಿದೆ. ೨೦೧೪ರಲ್ಲಿ ಆರಂಭವಾದ ಕಿಶೋರ ಆರೋಗ್ಯ ಕಾರ್ಯಕ್ರಮವು ಹತ್ತರಿಂದ ಹತ್ತೊಂಬತ್ತು ವರುಷದವರ ಮನಸ್ಸಿನ ಆರೋಗ್ಯವನ್ನೂ ತನ್ನ ಕಾರ್ಯವೆಂದು ಎಣಿಸಿದೆ. ಆದರೆ ಈ ದಾರಿಗಳು ಕಚೇರಿಗೆ ಬಂದು ಕೇಳಿದವರಿಗೆ ಮಾತ್ರ ತೆರೆಯುವುವು. ಅಜ್ಜಿಯ ಮಗ್ಗುಲನ್ನು ಬಿಟ್ಟು ಏಳಲಾರದ ಮಗು ಕಚೇರಿಗೆ ಬರುವುದೆಂತು?

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಸಹಾಯಕ್ಕೆ ಬಂದವರು ತಮ್ಮವರೆಂದು ತೋರಿದಲ್ಲದೆ ಬಡವರು ಮನೆಯ ಬಾಗಿಲನ್ನು ತೆರೆಯರು. ಮಕ್ಕಳನ್ನು ಕರೆದೊಯ್ದುಬಿಡುವರೋ ಎಂಬ ಅಂಜಿಕೆ ಅವರಿಗೆ. ಆಸ್ಟ್ರೇಲಿಯದ ಮೂಲನಿವಾಸಿಗಳಲ್ಲಿ ಈ ಅಂಜಿಕೆಗೆ ದೊಡ್ಡ ಕಾರಣವೇ ಇದ್ದಿತು. ಅಲ್ಲಿಯ ಸರಕಾರಗಳು ತಲೆಮಾರುಗಳ ಕಾಲ ಅವರ ಮಕ್ಕಳನ್ನು ಮನೆಗಳಿಂದ ಒಯ್ದಿದ್ದುವು. ಆದಕಾರಣ ೧೯೭೧ರಲ್ಲಿ ಸಿಡ್ನಿಯ ರೆಡ್‌ಫರ್ನಿನಲ್ಲಿ ಅವರು ತಮ್ಮದೇ ಆಡಳಿತದ ವೈದ್ಯಶಾಲೆಯನ್ನು ಕಟ್ಟಿಕೊಂಡರು. ಅಂಥವು ಆ ದೇಶದಲ್ಲಿ ಬಳಿಕ ಅನೇಕವಾದುವು. ನಮ್ಮ ನಾಡಿನಲ್ಲಿಯೇ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ನೆಲೆಸಿ, ಗಿರಿಜನರ ಹೆಣ್ಣುಮಕ್ಕಳಿಗೇ ದಾದಿಯರ ಶಿಕ್ಷಣವನ್ನು ಕೊಡಿಸಿತು.

ನಮ್ಮ ಜಿಲ್ಲೆಯ ನಾಯಕ ಸಮುದಾಯವು ಸೋಲಿಗರಂತೆ ಕಾಡಿನದಲ್ಲ. ಊರಿನ ನಡುವಿನದು, ಸಂಖ್ಯೆಯಲ್ಲಿ ದೊಡ್ಡದು. ಸಿರುಗುಪ್ಪ, ಕಂಪ್ಲಿ, ಸಂಡೂರು, ಬಳ್ಳಾರಿ ಗ್ರಾಮಾಂತರ ಈ ನಾಲ್ಕು ವಿಧಾನಸಭಾ ಕ್ಷೇತ್ರಗಳೂ ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿವೆ. ಮತದ ಬಲವುಳ್ಳ ಜನವು ತನ್ನ ಓಣಿಯ ಮಗುವಿನ ಕೆಲಸವನ್ನು ಹಂಚಿಕೊಳ್ಳುವ ಬಲವನ್ನೂ ಬೆಳೆಸಿಕೊಳ್ಳಬಹುದಲ್ಲವೆ? ಓದಿದ ಮನೆಗಳವರೂ ದೂರ ನಿಲ್ಲತಕ್ಕದ್ದಲ್ಲ. ವಾರಕ್ಕೆ ಎರಡು ಮಧ್ಯಾಹ್ನ ಒಬ್ಬ ನೆರೆಯಾಕೆ ಅಜ್ಜಿಯ ಮಗ್ಗುಲಲ್ಲಿ ಕುಳಿತರೆ ಹುಡುಗಿಗೆ ಎರಡು ಮಧ್ಯಾಹ್ನ ಪಾಠ ದೊರೆಯಿತು. ಗೈರುಹಾಜರಿಗೆ ಗದರದೆ ಕಾರಣ ಕೇಳುವ ಉಪಾಧ್ಯಾಯರು ಇದ್ದರೆ ಹೆಸರು ಹಾಜರಿಪುಸ್ತಕದಲ್ಲಿ ಉಳಿಯಿತು. ಇವು ದೊಡ್ಡ ತ್ಯಾಗಗಳಲ್ಲ.

ಸಂಜೆಯ ಬಸ್ಸಿಗೆ ಅಜ್ಜಿಯನ್ನು ಹತ್ತಿಸುವಾಗ ಆ ಹುಡುಗಿಗೆ ನಾನೂ ಕಂಡಕ್ಟರರೂ ಕೈಕೊಟ್ಟೆವು. ಅವಳು ಬೇಡವೆನ್ನಲಿಲ್ಲ. ಬಸ್ಸು ಹೊರಟಮೇಲೆ ನನ್ನ ಪ್ರಶ್ನೆಯೇ ನನ್ನ ಕಡೆ ತಿರುಗಿತು: ದೊಡ್ಡವರು ಯಾರು ಬಂದರು? ವಾಚಕರೆ, ಅದಕ್ಕೆ ಉತ್ತರ ಹೇಳಬೇಕಾದವಳು ಆ ಮಗುವಲ್ಲ.