ಹಳೆಯ ಕೆಟಲ್ ಯಾರಿಗೆ?

ನೈತಿಕ ಪ್ರಶ್ನೆಗಳೆಂದರೆ ಯುದ್ಧ, ದಯಾಮರಣ, ಮರಣದಂಡನೆ ಮುಂತಾದ ಘನವಾದ ವಿಷಯಗಳು ಮಾತ್ರ ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಮನುಷ್ಯನ ಮನಸ್ಸಾಕ್ಷಿ ತನ್ನ ಹೆಚ್ಚಿನ ಕೆಲಸವನ್ನು ಮಾಡುವುದು ಅಡಿಗೆಮನೆಯಲ್ಲಿ, ಅಂಗಡಿಯ ಮುಂದೆ, ತಿಂಗಳ ಕೊನೆಯ ಲೆಕ್ಕಾಚಾರದ ನಡುವೆ. ಕೊಳ್ಳುವುದು ಕೇವಲ ಆರ್ಥಿಕ ಕ್ರಿಯೆಯಲ್ಲ, ಅದು ಯಾವಾಗಲೂ ನೈತಿಕ ಕ್ರಿಯೆಯೂ ಹೌದು ಎಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು 2009ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಅದನ್ನು ಪುನರುಚ್ಚರಿಸಿದರು. ಪ್ಲಾಸ್ಟಿಕ್ ಬಳಕೆಯನ್ನು ತಗ್ಗಿಸುವಂತಹ ಸಣ್ಣ ಕಾರ್ಯಗಳನ್ನೂ ಅಲ್ಲಿ ಹೆಸರಿಸಿ ಗೌರವಿಸಿದರು.

ನಮ್ಮ ಧರ್ಮಕೇಂದ್ರದ ಒಂದು ಕುಟುಂಬ ಇತ್ತೀಚೆಗೆ ಇಂತಹದೇ ಒಂದು ಸಣ್ಣ ವಿಷಯವನ್ನು ನನ್ನ ಮುಂದಿಟ್ಟಿತು. ಮನೆಯಲ್ಲಿ ಎಳೆಯ ಮಗುವಿದೆ. ನೀರು ಕಾಯಿಸುವ ವಿದ್ಯುತ್ ಕೆಟಲ್ ಪ್ಲಾಸ್ಟಿಕ್ಕಿನದು. ಕುದಿಯುವ ನೀರು ಪ್ಲಾಸ್ಟಿಕ್ಕಿಗೆ ತಗಲುವುದು ಒಳ್ಳೆಯದಲ್ಲವೆಂದು ಓದಿ ತಿಳಿದ ಅವರು, ಪ್ಲಾಸ್ಟಿಕ್ ಇಲ್ಲದ ಹೊಸ ಕೆಟಲನ್ನು ಕೊಳ್ಳಲು ನಿಶ್ಚಯಿಸಿದ್ದರು. ಅದರ ಬಗ್ಗೆ ಅವರಿಗೆ ಸಂದೇಹವಿರಲಿಲ್ಲ. ಸಂದೇಹವಿದ್ದದ್ದು ಬೇರೊಂದರ ಬಗ್ಗೆ. “ಫಾದರ್, ಹಳೆಯದು ಇನ್ನೂ ಚೆನ್ನಾಗಿಯೇ ಇದೆ. ಕೆಲಸಕ್ಕೆ ಬರುವ ಅಕ್ಕನಿಗೆ ಅದನ್ನು ಕೊಡಬಹುದಲ್ಲವೇ?” ಎಂದು ಮನೆಯಾಕೆ ಕೇಳಿದರು.

ಪ್ರಶ್ನೆ ಸರಳವಾಗಿದೆ. ಉತ್ತರ ಅಷ್ಟು ಸರಳವಲ್ಲ. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕಾರ್ಯಗಳನ್ನು ಹೇಳುತ್ತಾರೆ: ವಿಚಾರಿಸುವುದು, ತೀರ್ಮಾನಿಸುವುದು, ತೀರ್ಮಾನಿಸಿದ್ದನ್ನು ಆಚರಣೆಗೆ ತರುವುದು. ಆ ಮೂರು ಮೆಟ್ಟಿಲುಗಳನ್ನು ನಾವೂ ಒಂದೊಂದಾಗಿ ಏರೋಣ.

ವಿಚಾರಿಸುವುದು

ಮೊದಲು ತಿಳಿದಿರುವ ಸಂಗತಿಗಳನ್ನು ನೋಡೋಣ. 2020ರಲ್ಲಿ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಸಂಶೋಧಕರು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಹಾಲೂಡಿಸುವ ಬಾಟಲಿಗಳನ್ನು ಪರೀಕ್ಷಿಸಿದರು. ಒಂದು ಲೀಟರಿನಲ್ಲಿ 1 ಕೋಟಿ 60 ಲಕ್ಷದವರೆಗೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಕಂಡುಬಂದವು. ನೀರು ಬಿಸಿಯಾದಷ್ಟೂ ಕಣಗಳ ಸಂಖ್ಯೆ ಹೆಚ್ಚಿತು. ಪ್ಲಾಸ್ಟಿಕ್ ಕೆಟಲುಗಳನ್ನು ಸಾಮಾನ್ಯವಾಗಿ ತಯಾರಿಸುವುದು ಇದೇ ವಸ್ತುವಿನಿಂದ. ಮತ್ತೊಂದೆಡೆ, ನಲ್ಲಿಯ ನೀರಿನಲ್ಲಿರುವ ಖನಿಜಗಳು ಕೆಟಲಿನ ಒಳಮೈಗೆ ಪದರವಾಗಿ ಅಂಟಿಕೊಂಡು ಕಣಗಳ ಬಿಡುಗಡೆಯನ್ನು ಬಹುಮಟ್ಟಿಗೆ ತಗ್ಗಿಸುತ್ತವೆ ಎಂಬುದನ್ನೂ ಅದೇ ಸಂಸ್ಥೆಯ ಸಂಶೋಧಕರು ಅನಂತರ ತೋರಿಸಿದರು. ಕುಡಿಯುವ ನೀರಿನಲ್ಲಿರುವ ಈ ಕಣಗಳು ಆರೋಗ್ಯಕ್ಕೆ ಎಷ್ಟು ಹಾನಿಕರವೆಂದು ನಿರ್ಣಯಿಸಲು ಲಭ್ಯವಿದ್ದ ಆಧಾರಗಳು ಸಾಲವು, ಇನ್ನೂ ಹೆಚ್ಚಿನ ಅಧ್ಯಯನ ನಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

ಬಿಸ್ಫಿನಾಲ್-ಎ ಎಂಬ ರಾಸಾಯನಿಕದ ಕಥೆ ಬೇರೆ. ಮಕ್ಕಳ ಹಾಲಿನ ಬಾಟಲಿಗಳಲ್ಲಿ ಅದರ ಬಳಕೆಯನ್ನು ಯೂರೋಪಿನ ಒಕ್ಕೂಟ 2011ರಲ್ಲಿ ನಿಷೇಧಿಸಿತು. 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಗಲುವ ಇತರ ವಸ್ತುಗಳಿಗೂ ನಿಷೇಧವನ್ನು ವಿಸ್ತರಿಸಿತು. ಅಂಗಡಿಯಲ್ಲಿ ‘ಬಿಪಿಎ ರಹಿತ’ ಎಂಬ ಚೀಟಿ ಕಂಡರೆ ಅದು ಈ ಒಂದು ರಾಸಾಯನಿಕ ಇಲ್ಲವೆಂದು ಮಾತ್ರ ಹೇಳುತ್ತದೆ. ಪ್ಲಾಸ್ಟಿಕ್ಕೇ ಇಲ್ಲವೆಂದು ಹೇಳುವುದಿಲ್ಲ.

‘ಸ್ಟೀಲ್ ಕೆಟಲ್’ ಎಂಬ ಹೆಸರಿಗೂ ನಾವು ಪೂರ್ತಿಯಾಗಿ ಮರುಳಾಗಬಾರದು. ಮುಚ್ಚಳವನ್ನು ತೆರೆದು ಒಳಗೆ ಇಣುಕಿದರೆ ಹಲವು ಸ್ಟೀಲ್ ಕೆಟಲುಗಳಲ್ಲಿ ಪ್ಲಾಸ್ಟಿಕ್ ಅಡಗಿರುವುದು ಕಾಣುತ್ತದೆ: ಮುಚ್ಚಳದ ಒಳಮೈಯಲ್ಲಿ, ನೀರಿನ ಮಟ್ಟವನ್ನು ತೋರಿಸುವ ಕಿಂಡಿಯಲ್ಲಿ, ಮೂತಿಯ ಬಳಿ ಇರುವ ಜಾಲರಿಯ ಚೌಕಟ್ಟಿನಲ್ಲಿ. ಗಾಜಿನ ಕೆಟಲುಗಳಲ್ಲಿಯೂ ಮುಚ್ಚಳ ಮತ್ತು ಬಾಯಿಯ ಅಂಚು ಅನೇಕ ವೇಳೆ ಪ್ಲಾಸ್ಟಿಕ್ಕಿನವೇ. ಇದಕ್ಕೆ ವ್ಯತಿರಿಕ್ತವಾಗಿ, ಎರಡು ಪದರದ ಕೆಲವು ಕೆಟಲುಗಳು ಹೊರಗಿನಿಂದ ಅಪ್ಪಟ ಪ್ಲಾಸ್ಟಿಕ್ಕಿನಂತೆ ಕಂಡರೂ ಅವುಗಳ ಒಳಪಾತ್ರೆ ಕಿಂಡಿಯಿಲ್ಲದ ಒಂದೇ ಸ್ಟೀಲಿನದಾಗಿರುತ್ತದೆ. ಬಟ್ಟಲಿನ ಹೊರಭಾಗವನ್ನಷ್ಟೇ ತೊಳೆಯುವವರನ್ನು ಪ್ರಭು ಯೇಸು ಎಚ್ಚರಿಸಿದ್ದು ಮನುಷ್ಯರ ಅಂತರಂಗದ ಕುರಿತಾಗಿ. ಆದರೂ ಮೊದಲು ಒಳಗನ್ನು ನೋಡಬೇಕೆಂಬ ಆ ಮಾತು ಪಾತ್ರೆ ಕೊಳ್ಳುವವರಿಗೂ ಉಪಯುಕ್ತವಾಗಿದೆ.

ತೀರ್ಮಾನಿಸುವುದು

ಇಷ್ಟು ತಿಳಿದ ಮೇಲೆ ಏನು ಮಾಡಬೇಕು? ಪ್ಲಾಸ್ಟಿಕ್ಕಿನ ಒಂದು ಚೂರೂ ಇಲ್ಲದ ವಿದ್ಯುತ್ ಕೆಟಲನ್ನು ಹುಡುಕುತ್ತ ಹೊರಟವರು ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚು. ವಿದ್ಯುತ್ ತಂತಿಯ ಹೊದಿಕೆ, ಪ್ಲಗ್ಗು, ತಳಪೀಠ, ಹಿಡಿ ಇವುಗಳಲ್ಲಿ ಪ್ಲಾಸ್ಟಿಕ್ ಇರುವುದು ನಮ್ಮನ್ನು ವಿದ್ಯುದಾಘಾತದಿಂದಲೂ ಶಾಖದಿಂದಲೂ ಕಾಪಾಡುವುದಕ್ಕಾಗಿ. ಅಲ್ಲಿ ಅದು ನೀರಿಗೆ ತಗಲುವುದಿಲ್ಲ. ಆದುದರಿಂದ ಪ್ಲಾಸ್ಟಿಕ್ ಎಲ್ಲಿದೆ, ಕುದಿಯುವ ನೀರೂ ಹಬೆಯೂ ಅದಕ್ಕೆ ತಗಲುತ್ತವೆಯೇ ಎಂದು ಕೇಳುವುದೇ ವಿವೇಕದ ಪ್ರಶ್ನೆ. ಒಳಮೈ, ಮುಚ್ಚಳದ ಒಳಭಾಗ, ಮೂತಿ ಮೂರೂ ಸ್ಟೀಲಿನವಾಗಿದ್ದು, ನೀರಿನ ಮಟ್ಟದ ಕಿಂಡಿ ಇಲ್ಲದಿದ್ದರೆ, ಒಂದು ಮನೆಗೆ ಅಷ್ಟು ಸಾಕು. 18/8 ಅಥವಾ 304 ಎಂಬ ಗುರುತಿನ ಸ್ಟೀಲಿನಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, ಶೇಕಡ 8 ನಿಕ್ಕಲ್ ಇರುತ್ತವೆ. ಅದು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ.

ಒಂದು ವಿಷಯದಲ್ಲಿ ಅದರ ಸ್ವಭಾವಕ್ಕೆ ತಕ್ಕಷ್ಟು ಖಚಿತತೆಯನ್ನು ಮಾತ್ರ ಬಯಸುವುದು ಸುಶಿಕ್ಷಿತನ ಲಕ್ಷಣವೆಂದು ಅರಿಸ್ಟಾಟಲನು ಬಹು ಹಿಂದೆಯೇ ಹೇಳಿದ್ದಾನೆ. ಸಂತ ಅಲ್ಫೋನ್ಸ್ ಲಿಗೋರಿಯವರು (1696–1787) ನೀತಿಶಾಸ್ತ್ರಜ್ಞರ ಪಾಲಕ ಸಂತರು. ಅವರು ಸ್ವತಃ ಅತಿಯಾದ ಪಾಪಶಂಕೆಯಿಂದ ಬಹುಕಾಲ ನರಳಿದವರು. ಅಳತೆ ಮೀರಿದ ಶಂಕೆ ಭಕ್ತಿಯಲ್ಲ, ಅದು ಆತ್ಮಕ್ಕೆ ತಗಲಿದ ರೋಗ ಎಂಬುದನ್ನು ಅವರಂತೆ ಅರಿತವರು ವಿರಳ. ಇಂದು ಆ ಶಂಕೆ ಪಾಪದಿಂದ ಆಹಾರಕ್ಕೆ ದಾಟಿದೆ. ಯಾವ ನೀರು, ಯಾವ ಉಪ್ಪು, ಯಾವ ಎಣ್ಣೆ, ಯಾವ ಪಾತ್ರೆ ಎಂದು ರಾತ್ರಿಯೆಲ್ಲಾ ಮೊಬೈಲಿನಲ್ಲಿ ಹುಡುಕಿ ನಿದ್ರೆ ಕೆಡಿಸಿಕೊಳ್ಳುವ ತಂದೆತಾಯಂದಿರು ನಮ್ಮ ನಡುವೆ ಇದ್ದಾರೆ. ಅವರ ಪ್ರೀತಿ ನಿಜವಾದದ್ದು. ಅವರಿಗೆ ನನ್ನ ಮಾತು ಇಷ್ಟೇ: ತಕ್ಕಷ್ಟು ವಿಚಾರಿಸಿ, ಕೈಲಾದುದನ್ನು ಕೊಳ್ಳಿರಿ, ಬಳಿಕ ನೆಮ್ಮದಿಯಿಂದ ಚಹಾ ಕುಡಿಯಿರಿ.

ಅಪಾಯವನ್ನು ದಾಟಿಸುವುದು

ಈಗ ಹಳೆಯ ಕೆಟಲಿಗೆ ಬರೋಣ. ಸಂದೇಹವಿರುವಾಗ ಮನುಷ್ಯನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕುರಿತು ನೀತಿಶಾಸ್ತ್ರಜ್ಞರು ಶತಮಾನಗಳ ಕಾಲ ವಾದಿಸಿದ್ದಾರೆ. ಅನೇಕ ವಿಷಯಗಳಲ್ಲಿ ಅವರಲ್ಲಿ ಒಮ್ಮತವಿಲ್ಲ. ಆದರೆ ಒಂದು ವಿಷಯದಲ್ಲಿ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಬೇಟೆಗಾರನೊಬ್ಬ ಪೊದೆಯೊಳಗೆ ಏನೋ ಅಲುಗಾಡುವುದನ್ನು ಕಾಣುತ್ತಾನೆ. ಅದು ಜಿಂಕೆಯಾಗಿರಬಹುದು, ಮನುಷ್ಯನೂ ಆಗಿರಬಹುದು. ಬಹುಶಃ ಜಿಂಕೆಯೇ ಎಂದುಕೊಂಡು ಅವನು ಗುಂಡು ಹಾರಿಸುವಂತಿಲ್ಲ. ಮತ್ತೊಬ್ಬರ ಪ್ರಾಣಕ್ಕೂ ಆರೋಗ್ಯಕ್ಕೂ ಸಂಬಂಧಿಸಿದ ಕಡೆ ಸಂದೇಹದ ಲಾಭವನ್ನು ನಾವು ಪಡೆಯಬಾರದು. ಸುರಕ್ಷಿತವಾದ ಮಾರ್ಗವನ್ನೇ ಹಿಡಿಯಬೇಕು.

ಪ್ಲಾಸ್ಟಿಕ್ ಕೆಟಲ್ ಬಂದೂಕವಲ್ಲ, ನಿಜ. ಅದರ ಅಪಾಯ ಸಣ್ಣದು, ಇನ್ನೂ ಸಂದೇಹದಲ್ಲಿಯೇ ಇರುವಂತಹದು. ಆದರೂ ತರ್ಕ ಒಂದೇ. ಈ ಕೆಟಲ್ ನನ್ನ ಮಗುವಿಗೆ ಹಾನಿಕರವೆಂದು ನಾನು ಪ್ರಾಮಾಣಿಕವಾಗಿ ತೀರ್ಮಾನಿಸಿದ್ದರೆ ಕೆಲಸದಾಕೆಯ ಮಗುವಿಗೆ ಅದನ್ನು ಹೇಗೆ ಕೊಡಲಿ? ಅಂತಹ ಹಾನಿಯೇನೂ ಇಲ್ಲವೆಂದು ತೀರ್ಮಾನಿಸಿದ್ದರೆ ನಾನೇ ಅದನ್ನು ಏಕೆ ಬಿಡುತ್ತಿದ್ದೇನೆ? ಎರಡು ಮಕ್ಕಳ ಹೊಟ್ಟೆಗೆ ಎರಡು ಅಳತೆಗೋಲುಗಳಿದ್ದರೆ ಅದನ್ನು ವಿವೇಕವೆಂದು ಕರೆಯಲಾಗದು. ತನಗೆ ಬೇಡವಾದುದನ್ನು ಇತರರಿಗೆ ಮಾಡಬಾರದೆಂದು ವೃದ್ಧ ತೋಬಿತನು ಮಗನಿಗೆ ಹೇಳಿದ ಬುದ್ಧಿಮಾತು ಇಲ್ಲಿ ಅಕ್ಷರಶಃ ಅನ್ವಯವಾಗುತ್ತದೆ.

“ನಾವು ಎಲ್ಲವನ್ನೂ ತಿಳಿಸಿಯೇ ಕೊಡುತ್ತೇವೆ, ಬೇಕೋ ಬೇಡವೋ ಆಕೆಯೇ ನಿರ್ಧರಿಸಲಿ” ಎಂದು ಕೆಲವರು ಹೇಳಬಹುದು. ಸತ್ಯವನ್ನು ತಿಳಿಸುವುದು ಒಳ್ಳೆಯದೇ. ಆದರೆ ಸಂಬಳ ಕೊಡುವ ಕೈ ನೀಡಿದ್ದನ್ನು ಬೇಡವೆನ್ನುವುದು ಸಂಬಳ ಪಡೆಯುವ ಕೈಗೆ ಎಷ್ಟು ಕಷ್ಟವೆಂದು ನಮಗೆಲ್ಲಾ ಗೊತ್ತು. ಆಕೆಯ ‘ಆಗಲಿ ಅಕ್ಕ’ ಎಂಬ ಮಾತನ್ನು ಸ್ವತಂತ್ರವಾದ ಒಪ್ಪಿಗೆ ಎಂದು ಭಾವಿಸುವ ಮುನ್ನ ಎರಡು ಬಾರಿ ಯೋಚಿಸಬೇಕು. ಇನ್ನೊಂದು ಸಂಗತಿಯೂ ಇದೆ. ಆಕೆಯ ಮನೆಯಲ್ಲಿ ಚಹಾ ಕುದಿಯುವುದು ಬಹುಶಃ ಒಲೆಯ ಮೇಲೆ, ಇಕ್ಕಳದಿಂದ ಹಿಡಿದಿಳಿಸುವ ಲೋಹದ ಪಾತ್ರೆಯಲ್ಲಿ. ಅಂದರೆ, ನಾವು ಹಣ ತೆತ್ತು ಹುಡುಕುತ್ತಿರುವ ಪ್ಲಾಸ್ಟಿಕ್ ಇಲ್ಲದ ಚಹಾ ಆಕೆಯ ಬಳಿ ಈಗಾಗಲೇ ಇದೆ. ನಮ್ಮ ಉದಾರತೆ ಅಲ್ಲಿಗೆ ಪ್ಲಾಸ್ಟಿಕ್ಕನ್ನು ಹೊಸದಾಗಿ ಕೊಂಡೊಯ್ಯುತ್ತದೆ!

ಹಾಗಾದರೆ ಏನು ಮಾಡಬೇಕು? ನನಗೆ ತೋರುವ ಪ್ರಾಮಾಣಿಕ ಮಾರ್ಗಗಳು ಎರಡು. ಅಪಾಯ ಅಲ್ಪವೆಂದು ಎನಿಸಿದರೆ, ಹಳೆಯ ಕೆಟಲ್ ಕೆಡುವವರೆಗೂ ಅದನ್ನು ನಾವೇ ಬಳಸಬೇಕು. ಮಗುವಿಗೆ ಬೇಕಾದ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದರಾಯಿತು. ಕೆಡದ ವಸ್ತುವನ್ನು ಎಸೆಯುವುದೂ ಸೃಷ್ಟಿಗೆ ಹೊರೆಯೇ. ಅಪಾಯವಿದೆಯೆಂದು ಎನಿಸಿದರೆ, ಅದನ್ನು ಯಾರ ಅಡಿಗೆಮನೆಗೂ ಕಳುಹಿಸದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಆಕೆಗೆ ಕೊಡಲೇಬೇಕೆಂಬ ಮನಸ್ಸಿದ್ದರೆ ನಮ್ಮ ಮನೆಗೆ ಯೋಗ್ಯವೆನಿಸಿದ್ದನ್ನೇ ಕೊಡೋಣ. ದಾನವು ನಮ್ಮ ಕಪಾಟನ್ನು ಖಾಲಿಮಾಡುವ ಉಪಾಯವಾಗಬಾರದು.

ಇದೇ ಸಂದರ್ಭದಲ್ಲಿ ಮತ್ತೊಂದು ವಸ್ತುವಿನ ಕಡೆಗೂ ನಮ್ಮ ಕಣ್ಣು ಹಾಯಲಿ. ಎಷ್ಟೋ ಮನೆಗಳಲ್ಲಿ ಕೆಲಸದವರಿಗೆಂದೇ ಹಿತ್ತಿಲ ಕಿಟಕಿಯಲ್ಲೋ ತೊಟ್ಟಿಯ ಪಕ್ಕದಲ್ಲೋ ಬೇರೆ ಲೋಟವೊಂದಿರುತ್ತದೆ. ಬಹಳ ಸಲ ಅದು ಬಣ್ಣಗೆಟ್ಟ ಪ್ಲಾಸ್ಟಿಕ್ಕಿನದು. ಚಹಾ ಅಂಗಡಿಗಳಲ್ಲಿ ದಲಿತರಿಗಾಗಿ ಪ್ರತ್ಯೇಕ ಲೋಟವಿಡುವ ಪದ್ಧತಿಯನ್ನು ನಾವು ಖಂಡಿಸುತ್ತೇವೆ. ಅದೇ ಪದ್ಧತಿ ನಮ್ಮ ಮನೆಯಲ್ಲಿ ಬೇರೆ ಹೆಸರಿನಿಂದ ನೆಲೆಸಿರುವುದನ್ನು ಮಾತ್ರ ಕಾಣುವುದಿಲ್ಲ. ಪರಿಶುದ್ಧವಾದ ಕೆಟಲಿನಲ್ಲಿ ಕಾಯಿಸಿದ ನೀರು ಆ ಲೋಟಕ್ಕೆ ಬೀಳುವಾಗ ನಮ್ಮ ಎಚ್ಚರಿಕೆಯ ಗಡಿ ಎಲ್ಲಿಗೆ ಮುಗಿಯಿತೆಂಬುದು ಸ್ಪಷ್ಟವಾಗುತ್ತದೆ.

ಎಲ್ಲರ ಹಿತ

ಸಂತ ತೋಮಸರು ವಿವೇಕವನ್ನು ಒಬ್ಬನ ಸ್ವಂತ ಹಿತಕ್ಕಷ್ಟೇ ಸೀಮಿತಗೊಳಿಸಲಿಲ್ಲ. ಮನೆವಾರ್ತೆಯನ್ನು ನಡೆಸುವ ವಿವೇಕವೊಂದಿದೆ, ಸಮಾಜದ ಹಿತವನ್ನು ಕಾಯುವ ವಿವೇಕವೂ ಇದೆ ಎಂದರು. ಕೆಟಲನ್ನು ಆರಿಸಿಕೊಳ್ಳುವ ಶಕ್ತಿಯಿರುವುದು ಕೆಲವರಿಗೆ. ಕಟ್ಟಡದ ಕೆಲಸಗಾರರಿಗೆ ಬಿಸಿ ಚಹಾ ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಬರುವುದುಂಟು. ಅದನ್ನು ಬೇಡವೆನ್ನುವ ಆಯ್ಕೆ ಅವರಿಗಿಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಸುಮಾರು 250 ಕಡೆ ಪರಿಶೀಲನೆ ನಡೆಸಿದಾಗ, ಐವತ್ತಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿದ್ದು ಕಂಡುಬಂತು. ಬೆಳಿಗ್ಗೆ ಬೀದಿಬದಿಯಲ್ಲಿ ಇಡ್ಲಿ ತಿಂದು ಕೆಲಸಕ್ಕೆ ಓಡುವವನು ಅಡಿಗೆಯವನ ತಟ್ಟೆಯನ್ನು ಪರೀಕ್ಷಿಸಲಾರ. ಅವನ ಪರವಾಗಿ ಕಾನೂನು ಪರೀಕ್ಷಿಸಬೇಕು, ನಾವೂ ಕೇಳಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಕೇಳಬೇಕಾದದ್ದಿದೆ. ಪ್ಲಾಸ್ಟಿಕ್ ಲೋಟಗಳು ನಮ್ಮ ರಾಜ್ಯದಲ್ಲಿ 2016ರಲ್ಲಿ, ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಕ್ಕೊಳಗಾದವು. ಅವುಗಳ ಸ್ಥಾನಕ್ಕೆ ಕಾಗದದ ಲೋಟ ಬಂದಿದೆ. ಕಾಗದ ನೀರಿನಲ್ಲಿ ನೆನೆಯದಂತೆ ಅದರ ಒಳಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಪದರವಿರುತ್ತದೆ. ಅಂತಹ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇರಿಸಿದರೆ ಸುಮಾರು 25,000 ಸೂಕ್ಷ್ಮ ಕಣಗಳು ಸೇರುತ್ತವೆಯೆಂದು ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಹಬ್ಬದ ದಿನ ಪೂಜೆಯ ಬಳಿಕ ನೂರಾರು ಜನ ಅಂಗಳದಲ್ಲಿ ಚಹಾ ಕುಡಿಯುವುದು ಇದರಲ್ಲಿಯೇ.

ಸ್ಟೀಲ್ ಲೋಟಗಳನ್ನು ಕೊಳ್ಳೋಣವೆಂದರೆ ಕೂಡಲೇ ಏಳುವ ಪ್ರಶ್ನೆ, “ತೊಳೆಯುವವರು ಯಾರು?” ಪ್ರಶ್ನೆ ನ್ಯಾಯವಾದದ್ದು. ನಾಲ್ಕು ಮಂದಿ ಮಹಿಳೆಯರೋ ಒಬ್ಬ ಬಡ ಕೆಲಸಗಾರನೋ ಮುನ್ನೂರು ಲೋಟಗಳನ್ನು ತೊಳೆಯುವಂತಾದರೆ ಪ್ಲಾಸ್ಟಿಕ್ಕಿನ ಹೊರೆಯನ್ನು ಇಳಿಸಿ ಬೇರೊಬ್ಬರ ಬೆನ್ನಿನ ಮೇಲೆ ಮತ್ತೊಂದು ಹೊರೆಯನ್ನು ಹೇರಿದಂತಾಯಿತು. ಕುಡಿದವನು ತನ್ನ ಲೋಟವನ್ನು ತಾನೇ ತೊಳೆದಿಟ್ಟರೆ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಧರ್ಮಗುರುವೂ ಅದಕ್ಕೆ ಹೊರತಲ್ಲ.

ಪ್ರಿಯ ಓದುಗರೇ, ಮೂರನೆಯ ಮೆಟ್ಟಿಲು ಆಚರಣೆಯದು. ಹೊಸ ಕೆಟಲನ್ನು ಧಾರಾಳವಾಗಿ ಕೊಳ್ಳಿರಿ. ನಮಗೆ ವಹಿಸಿಕೊಟ್ಟಿರುವ ಮಕ್ಕಳ ಆರೋಗ್ಯವನ್ನು ಕಾಯುವುದು ನಮ್ಮ ಕರ್ತವ್ಯ. ಅದರೊಂದಿಗೆ ಮನೆಯಲ್ಲಿರುವ ಲೋಟಗಳನ್ನು ಒಮ್ಮೆ ಎಣಿಸಿ, ಯಾರದು ಬೇರೆ ಇದೆಯೆಂದು ನೋಡಿರಿ. ನಾಳೆ ಕೆಲಸದ ಅಕ್ಕ ಬಂದಾಗ ನೀವು ಕುಡಿಯುವಂತಹ ಲೋಟದಲ್ಲೇ ಆಕೆಗೂ ಚಹಾ ಕೊಟ್ಟು, “ಕೂತುಕೊಂಡು ಕುಡಿಯಿರಿ” ಎನ್ನಿರಿ.