ತಪ್ಪನ್ನು ತೋರಿಸುವ ಯಂತ್ರ

ಧಾರವಾಡ ತಾಲ್ಲೂಕಿನ ಗರಗ ಎಂದರೆ ರಾಷ್ಟ್ರಧ್ವಜದ ಖಾದಿ. 1954ರಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಇಲ್ಲಿ ತೆರೆದ ಖಾದಿ ಕೇಂದ್ರದಿಂದ ಧ್ವಜದ ಬಟ್ಟೆ ದೂರದೂರಕ್ಕೆ ಹೋಗಿದೆ. ಶಾಲೆಗೆ ತಂತ್ರಜ್ಞಾನ ಬೇಕೇ ಎಂಬ ಚರ್ಚೆಯನ್ನು ಈ ಊರಿನಿಂದಲೇ ಶುರು ಮಾಡಬಹುದು. ಚರಕವೂ ಒಂದು ಯಂತ್ರವೇ ತಾನೆ? 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಶಾಲೆಯ ನಡುವೆ ಇಡಬಯಸಿದ್ದು ಇಂಥ ಕೈಕಸುಬನ್ನೇ.

ಹಂಜಿಯನ್ನು ಅವಸರದಲ್ಲಿ ಎಳೆದರೆ ನೂಲು ಕಡಿಯುತ್ತದೆ. ಕೈ ತಡೆದರೆ ಒಂದೆಡೆ ದಪ್ಪಗಾಗುತ್ತದೆ. ಹುರಿ ಸಾಲದಿದ್ದರೆ ಜಗ್ಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಎಲ್ಲಿ, ಹೇಗೆ ತಪ್ಪಿತೆಂದು ನೂಲುವವಳಿಗೆ ಯಾರೂ ಹೇಳಬೇಕಿಲ್ಲ, ಬೆರಳಿಗೇ ಗೊತ್ತಾಗುತ್ತದೆ. ಕಲಿಕೆಗೆ ಒದಗುವ ಯಂತ್ರದ ಲಕ್ಷಣ ಇದೇ ಎಂಬುದು ನನ್ನ ವಾದ: ಅದು ಮಗುವಿನ ಕೈಗೆ ಸಿಗಬೇಕು, ಮಗುವಿನ ತಪ್ಪನ್ನು ಮಗುವಿಗೇ ಕಾಣಿಸಬೇಕು.

ಈ ಅಳತೆಗೋಲು ಹಿಡಿದರೆ ನಮ್ಮ ಅನೇಕ ಸ್ಮಾರ್ಟ್ ಕ್ಲಾಸುಗಳು ನಪಾಸು. ಕರಿಹಲಗೆಯ ಜಾಗಕ್ಕೆ ಪರದೆ ಬಂತು, ಮಕ್ಕಳು ಮಾತ್ರ ಮೊದಲಿನಂತೆ ಕೈಕಟ್ಟಿ ಕೂತಿದ್ದಾರೆ. ಆ್ಯಪ್‌ಗಳು ತಪ್ಪು-ಸರಿ ಹೇಳುತ್ತವಲ್ಲ ಎನ್ನಬಹುದು. ಹೇಳುತ್ತವೆ, ನಿಜ. ಆದರೆ ನಾಲ್ಕು ಉತ್ತರಗಳಲ್ಲಿ ಹಸಿರು ಹೊತ್ತುವವರೆಗೆ ಒಂದೊಂದನ್ನೇ ಒತ್ತುತ್ತ ಹೋಗುವ ಮಗು ಕಲಿಯುವುದು ಒತ್ತುವುದನ್ನಷ್ಟೇ.

ಗರಗದ ಮಕ್ಕಳಿಗೆ ಅಶೋಕ ಚಕ್ರ ಬರೆಯುವ ಕೆಲಸ ಕೊಟ್ಟೆವೆನ್ನಿ. ಕಡ್ಡಿಗಳು 24, ಆದ್ದರಿಂದ ನಡುವಿನ ಕೋನ 15 ಡಿಗ್ರಿ. ವಿಡಿಯೊ ಇದನ್ನು ಅರೆನಿಮಿಷದಲ್ಲಿ ಹೇಳಿ ಮುಗಿಸುತ್ತದೆ. ಕೈವಾರ, ಕೋನಮಾಪಕ ಹಿಡಿದ ಹುಡುಗಿ ಪ್ರತಿಸಲ ಒಂದು ಡಿಗ್ರಿ ಕಡಿಮೆ ಓದಿದರೆ, 24ನೇ ಕಡ್ಡಿಗೂ ಮೊದಲನೆಯದಕ್ಕೂ ನಡುವೆ 38 ಡಿಗ್ರಿಯ ಬಾಯಿ ಬಿಟ್ಟುಕೊಳ್ಳುತ್ತದೆ. ಅಷ್ಟು ದೊಡ್ಡ ಸಂದು ಎಲ್ಲಿಂದ ಬಂತು? ಅವಳು ಹಿಂದಕ್ಕೆ ಎಣಿಸುತ್ತಾಳೆ, ಗೆಳತಿಯ ಚಕ್ರದೊಂದಿಗೆ ಹೋಲಿಸುತ್ತಾಳೆ. ಗಣಿತ ಶುರುವಾಗುವುದು ಅಲ್ಲಿ. ಇದನ್ನೇ ಕಂಪ್ಯೂಟರಿನಲ್ಲೂ ಮಾಡಬಹುದು. 1967ರಲ್ಲಿ ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗೆಂದು ರೂಪಿಸಿದ ಲೋಗೊ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪರದೆಯ ಮೇಲಿನ ಆಮೆಗೆ ಆಜ್ಞೆ ಕೊಟ್ಟರೆ ಅದು ಗೆರೆ ಎಳೆಯುತ್ತದೆ. 15ರ ಬದಲು 14 ಎಂದರೆ ಅದೇ ಸಂದು. ಅಂಕಿ ಬದಲಿಸಿ ಮತ್ತೆ ಓಡಿಸುವುದು ಕ್ಷಣದ ಕೆಲಸ, ಹತ್ತು ಹಾಳೆ ಹಾಳಾಗುವುದಿಲ್ಲ. ಕಂಪ್ಯೂಟರಿನ ನಿಜವಾದ ಉಪಕಾರ ಇದು: ಧೈರ್ಯವಾಗಿ ತಪ್ಪಲು ಅದು ಬಿಡುತ್ತದೆ.

ಎಲ್ಲವನ್ನೂ ಮಗುವೇ ಕಂಡುಕೊಳ್ಳಲಾಗದು, ಒಪ್ಪೋಣ. ಬಡಿಯುವ ಹೃದಯವನ್ನು ತೋರಿಸಲು ವಿಡಿಯೊ ಬೇಕು. ಒಬ್ಬ ಮೇಷ್ಟ್ರು ಹಲವು ಮಟ್ಟದ ಮಕ್ಕಳನ್ನು ನಿಭಾಯಿಸಬೇಕೆಂಬುದೂ ನಿಜ. ಆದರೆ ಅದಕ್ಕೆ ನಮ್ಮಲ್ಲಿ ವಿದ್ಯುತ್ತೇ ಬೇಡದ ಉತ್ತರ ಹುಟ್ಟಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಅದರ ಕಾರ್ಡು ತಾನೇ ತೆಗೆದುಕೊಂಡು ಗುಂಪಿನಲ್ಲಿ ಕೂರುತ್ತದೆ. ತನ್ನ ವೇಗಕ್ಕೆ ತಕ್ಕ ಕಲಿಕೆ ಎಂದು ಇಂದು ಕಂಪನಿಗಳು ಮಾರುವುದನ್ನು ರಟ್ಟಿನ ಕಾರ್ಡು ಆಗಲೇ ಕೊಟ್ಟಿತ್ತು.

2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಬಂದ ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಸ್ಮಾರ್ಟ್‌ಫೋನ್ ಇದ್ದವರು, ಸಾದಾ ಫೋನ್ ಇದ್ದವರು, ಯಾವುದೂ ಇಲ್ಲದವರು ಎಂದು ವಿಂಗಡಿಸಬೇಕಾಯಿತು. ಸಂಕಟಕಾಲದ ಅನಿವಾರ್ಯ ಅದು. ಆದರೂ ಮನೆಯ ಫೋನಿನ ಮೇಲೆ ಮಗುವಿನ ಗುಂಪು ನಿಂತರೆ ಕಲಿಯುವವರನ್ನು ಬಿಟ್ಟು ಯಂತ್ರವೇ ಕೇಂದ್ರಕ್ಕೆ ಬರುತ್ತದೆ. ಆಗ ಪಾಠವನ್ನು ಓಣಿಗೆ, ಗುಡಿಕಟ್ಟೆಗೆ ಮುಟ್ಟಿಸಿದ್ದು ನಡೆದುಹೋದ ಶಿಕ್ಷಕರು.

ಶಾಲೆಯ ಮೇಲುಸ್ತುವಾರಿ ಸಮಿತಿಯಾಗಲಿ (ಎಸ್‌ಡಿಎಂಸಿ) ಶಿಕ್ಷಣ ಇಲಾಖೆಯಾಗಲಿ ಹೊಸ ಸಲಕರಣೆ ಕೊಳ್ಳುವ ಮುಂಚೆ ಕೇಳಬೇಕಾದ್ದು ಒಂದೇ: ಪಾಠ ಮುಗಿದ ಮೇಲೆ ಮಗು ತಾನು ಮಾಡಿದ್ದನ್ನೂ ತಿದ್ದಿಕೊಂಡದ್ದನ್ನೂ ತೋರಿಸಬಲ್ಲದೇ? ಇಲ್ಲವೆಂದಾದರೆ ಆ ದುಡ್ಡಿಗೆ ಎಲ್ಲ ಮಕ್ಕಳಿಗೂ ಕಂಪಾಸು ಪೆಟ್ಟಿಗೆ ಕೊಡಿಸುವುದೇ ಲೇಸು.