ಕಟ್ಟಿಕೊಟ್ಟ ಬುತ್ತಿ

‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?’ ಗಂಡನ ಮನೆಗೆ ಹೊರಟ ಮಗಳಿಗೆ, ಓದಲು ಧಾರವಾಡಕ್ಕೆ ಹೊರಟ ಮಗನಿಗೆ ಹಿರಿಯರು ಹೇಳುವ ಗಾದೆ ಇದು. ಇದನ್ನು ಒಂದು ಕಾರಿನ ಮುಂದಿಟ್ಟು ನೋಡೋಣ. ವಿಜಯಪುರ ಜಿಲ್ಲೆಯ ನಿಡೋಣಿಯ ತೋಟದ ಮನೆಯೊಂದರ ಅಂಗಳದಲ್ಲಿ, ಟ್ರ್ಯಾಕ್ಟರಿನ ಪಕ್ಕ, ಜೋರಾಗಿ ಓಡುವ ಟರ್ಬೊ ಪೆಟ್ರೋಲ್ ಕಾರೊಂದು ನಿಂತಿದೆ ಎಂದುಕೊಳ್ಳಿ. ಆಸೆಪಟ್ಟು ತಂದದ್ದು. ವಾರಂಟಿ ಮುಗಿಯುವ ತಿಂಗಳು ಹತ್ತಿರ ಬಂದಿದೆ. ಇಟ್ಟುಕೊಳ್ಳುವುದೋ, ಕೊಟ್ಟು ಹೊಸದು ತರುವುದೋ? ಮಗನಿಗೆ ನಿದ್ದೆಯಿಲ್ಲ. ಅಜ್ಜ ಮಾತ್ರ ಕೇಳುತ್ತಾನೆ: “ತಮ್ಮಾ, ಗ್ಯಾರಂಟಿ ಮುಗೀತಂದ್ರ ಗಾಡಿನೂ ಮುಗೀತೇನು?”

ಮುಗಿಯುವುದಿಲ್ಲ. ಆದರೆ ಅಜ್ಜನ ಪ್ರಶ್ನೆಗೆ ಅಷ್ಟೇ ಉತ್ತರ ಸಾಲದು. ಬುತ್ತಿಯ ಗಂಟಿನಲ್ಲಿರುವುದೆಲ್ಲ ಒಂದೇ ದಿನ ಕೆಡುವುದಿಲ್ಲ. ಮೊಸರನ್ನ ಸಂಜೆಗೆ ಹುಳಿಯಾಗುತ್ತದೆ, ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ವಾರಗಟ್ಟಲೆ ಇರುತ್ತವೆ. ಕಾರೂ ಹಾಗೆಯೇ. ಎಂಜಿನ್ನಿನ ಬ್ಲಾಕು, ಕ್ರ್ಯಾಂಕು ಕಟಕ ರೊಟ್ಟಿಯಂಥವು. ಮೊದಲು ಹೋಗುವುದು ರಬ್ಬರು: ಹೋಸ್ ಪೈಪು, ಬುಷ್, ಎಂಜಿನ್ ಮೌಂಟ್. ಇವು ಕಿಲೋಮೀಟರಿಗಿಂತ ವರ್ಷಕ್ಕೂ ಬಿಸಿಲಿಗೂ ಸೋಲುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಎರೆಮಣ್ಣಿನ ಧೂಳೇಳುವ ನಮ್ಮ ಸೀಮೆಯಲ್ಲಿ ಇನ್ನೂ ಬೇಗ. ಟೈರಿನ ಗೋಡೆಯ ಮೇಲೆ 2320 ಎಂದಿದ್ದರೆ ಅದು 2020ರ 23ನೇ ವಾರ ಹುಟ್ಟಿದ ಟೈರು. ಟೈರಿನ ಗೀರು ಇನ್ನೂ ಆಳವಾಗಿದೆ ಎಂದು 200ರ ವೇಗಕ್ಕೆ ಹುಟ್ಟಿದ ಕಾರನ್ನು ಅದರ ಮೇಲೆ ಓಡಿಸಬಾರದು. ಇಷ್ಟಕ್ಕೂ ಟೈರು, ಬ್ರೇಕ್ ಪ್ಯಾಡು, ವೈಪರಿನಂಥ ಸವೆಯುವ ಸಾಮಾನು ವಾರಂಟಿಯ ಬುತ್ತಿಯಲ್ಲಿ ಮೊದಲಿನಿಂದಲೂ ಇರಲಿಲ್ಲ. ಅವುಗಳ ಖರ್ಚು ನಾವೇ ಕೊಡುತ್ತ ಬಂದಿದ್ದೇವೆ.

ನಿಜವಾಗಿ ಹೆದರಿಸುವುದು ಎರಡು, ಟರ್ಬೊ ಮತ್ತು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಗೇರ್‌ಬಾಕ್ಸಿನ ಒಳಗಿನ ಎಣ್ಣೆ-ವಿದ್ಯುತ್ತಿನ ನಿಯಂತ್ರಣ ಘಟಕ ಕೈಕೊಟ್ಟರೆ ಬಿಲ್ಲು ಲಕ್ಷಗಳ ಮಾತು. ಟರ್ಬೊವನ್ನು ಉಳಿಸುವುದು ಹೊತ್ತಿಗೆ ಸರಿಯಾಗಿ ಬದಲಿಸಿದ ಸರಿಯಾದ ದರ್ಜೆಯ ಆಯಿಲ್ಲು, ಮತ್ತು ದೂರ ಜೋರಾಗಿ ಓಡಿಸಿ ಬಂದಾಗ ಎಂಜಿನ್ ಆರಿಸುವ ಮುಂಚೆ ಒಂದೆರಡು ನಿಮಿಷದ ಬಿಡುವು.

ಇನ್ನು ದುಡ್ಡು. ಇಂಥದೇ ಒಂದು ಕಾರಿನ ಲೆಕ್ಕ ನೋಡಿ. 2020ರಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಭಾರತಕ್ಕೆ ಬಂದದ್ದು 200 ಮಾತ್ರ; 245 ಅಶ್ವಶಕ್ತಿ, ಶೋರೂಮ್ ಬೆಲೆ 35.99 ಲಕ್ಷ. 2025ರ ಅಕ್ಟೋಬರಿನಲ್ಲಿ ಬಂದ ಹೊಸ ಆರ್‌ಎಸ್ 100 ಮಾತ್ರ; 265 ಅಶ್ವಶಕ್ತಿ, 49.99 ಲಕ್ಷ. 20 ಅಶ್ವಶಕ್ತಿಗೆ 14 ಲಕ್ಷ ಹೆಚ್ಚು. ಅದರ ಮೇಲೆ, 20 ಲಕ್ಷ ದಾಟಿದ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇ 18, ಅಂದರೆ ಸುಮಾರು 9 ಲಕ್ಷ. ಹಳೆಯ ಕಾರಿಗೆ ಆ ತೆರಿಗೆ ಕಟ್ಟಿ ಆಗಿದೆ. ವಿಮೆಯವರ ಸವಕಳಿ ಪಟ್ಟಿಯ ಪ್ರಕಾರ ಐದನೇ ವರ್ಷದ ಹೊತ್ತಿಗೆ ಕಾರಿನ ಬೆಲೆಯಲ್ಲಿ ಅರ್ಧ ಹೋಗಿರುತ್ತದೆ. ಆ ಅರ್ಧವನ್ನು ನೀವು ಆಗಲೇ ಕಳೆದುಕೊಂಡಿದ್ದೀರಿ. ಹೊಸದು ತಂದ ದಿನ ಅದೇ ಇಳಿಜಾರು ಮತ್ತೆ ಮೊದಲಿನಿಂದ. ರಿಪೇರಿ ಖರ್ಚಿಗೆ ಹೆದರಿ ಹೊಸ ಕಾರು ತರುವವರು ಈ ಲೆಕ್ಕ ಹಾಕುವುದೇ ಇಲ್ಲ ಎಂಬುದು ನನ್ನ ಸಂಕಟ.

ಹಾಗಾದರೆ ಇಟ್ಟುಕೊಳ್ಳುವುದೇ ಸರಿಯೇ? ಗಾದೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬುತ್ತಿ ತೀರಿದ ಮೇಲೆ ಅಡುಗೆ ಬರಬೇಕು, ಹಿಟ್ಟೂ ಇರಬೇಕು. ತಿಕೋಟಾ-ಬಬಲೇಶ್ವರದ ದ್ರಾಕ್ಷಿ ಬೆಳೆಗಾರನಿಗೆ ತಿಂಗಳ ಸಂಬಳವಿಲ್ಲ. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟಣಿ ಹೊತ್ತಿಗೆ ಆಳು, ಔಷಧ, ಗೊಬ್ಬರ ಎಂದು ಕೈಯಲ್ಲಿದ್ದದ್ದೆಲ್ಲ ತೋಟಕ್ಕೆ ಹೋಗಿರುತ್ತದೆ. ದುಡ್ಡು ಬರುವುದು ಬೇಸಿಗೆಯಲ್ಲಿ ಒಣದ್ರಾಕ್ಷಿಯಾಗಿ, ವಿಜಯಪುರದ ಎಪಿಎಂಸಿಗೋ ತಾಸಗಾಂವ, ಸಾಂಗ್ಲಿಗೋ ಹೋದ ಮೇಲೆ. ಗೇರ್‌ಬಾಕ್ಸು ಮಾತ್ರ ಸುಗ್ಗಿ ನೋಡಿ ಕೆಡುವುದಿಲ್ಲ. ಅದಕ್ಕೇ ಒಣದ್ರಾಕ್ಷಿ ಮಾರಿದ ದಿನವೇ ಕಾರಿನ ಪಾಲು ಬೇರೆ ಖಾತೆಗೆ ಹಾಕಬಲ್ಲವನು ಇಟ್ಟುಕೊಳ್ಳಲಿ. ಕೆಟ್ಟಾಗ ಸಾಲ ಮಾಡಿದರಾಯಿತು ಎನ್ನುವವನು ಕೊಟ್ಟುಬಿಡಲಿ. ಅರ್ಧರಾತ್ರಿ ಮನೆಯವರನ್ನು ಆಸ್ಪತ್ರೆಗೆ ಒಯ್ಯಲು ಇರುವುದು ಅದೊಂದೇ ಗಾಡಿಯಾಗಿದ್ದರೆ, ಸ್ಕ್ಯಾನರ್ ಹಾಕಿ ದೋಷ ಓದಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಇಲ್ಲದಿದ್ದರೆ, ನನ್ನ ಮಾತೂ ಅಜ್ಜನ ವಿರುದ್ಧವೇ: ಕೊಡಿ.

ಗಾದೆಯ ಎರಡನೇ ಪಾದ ಹೇಳಿಕೊಟ್ಟ ಮಾತಿನದು. ವಾರಂಟಿ ಮುಗಿಯುವ ಸುಳಿವು ಸಿಕ್ಕರೆ ಎಲ್ಲರೂ ಹೇಳಿಕೊಡಲು ಬರುತ್ತಾರೆ. ಶೋರೂಮಿನವರಿಗೆ ಹೊಸದು ಮಾರಬೇಕು. ಗೆಳೆಯನಿಗೆ ಅಗ್ಗಕ್ಕೆ ಹಳೆಯದು ಬೇಕು. ಇನ್ನೊಬ್ಬ, “ಹೆಂಗೂ ಗ್ಯಾರಂಟಿ ಮುಗದೈತಿ, ರೀಮ್ಯಾಪ್ ಮಾಡ್ಸು, ಇನ್ನೂ ಓಡ್ತೈತಿ” ಅನ್ನುತ್ತಾನೆ. ಎಂಜಿನ್ನಿನ ಸಾಫ್ಟ್‌ವೇರ್ ತಿದ್ದಿ ಬಲ ಹೆಚ್ಚಿಸುವ ಈ ರೀಮ್ಯಾಪ್ ಬೇಡವೇ ಬೇಡ. ಆಸರೆ ತಪ್ಪಿದ ದಿನವೇ ಕ್ಲಚ್ಚಿನ ಮೇಲೆ ಇನ್ನಷ್ಟು ಭಾರ ಹೇರುವುದು ಬುದ್ಧಿವಂತಿಕೆಯಲ್ಲ. ಈ ಮಾತುಗಳಿಗಿಂತ ನಿಮ್ಮದೇ ಸರ್ವಿಸ್ ಬಿಲ್ಲುಗಳು ಹೆಚ್ಚು ನಿಜ ಹೇಳುತ್ತವೆ: ಆಯಿಲ್ ಎಷ್ಟು ಕಡಿಮೆಯಾಗುತ್ತ ಬಂದಿದೆ, ಕೂಲೆಂಟ್ ಎಷ್ಟು ಸಲ ತುಂಬಿಸಿದ್ದೀರಿ, ಬೆಳಿಗ್ಗೆ ಮೊದಲ ಗೇರಿನಲ್ಲಿ ನಡುಕವಿದೆ ಎಂದು ಯಾವಾಗ ಬರೆಸಿದಿರಿ. ಪೆಟ್ರೋಲಿನ ಮಾತೂ ಇದೆ. 2023ರ ಏಪ್ರಿಲ್‌ಗೆ ಮುಂಚಿನ ಕಾರುಗಳಲ್ಲಿ ಹೆಚ್ಚಿನವನ್ನು ಈಗ ಪೆಟ್ರೋಲಿಗೆ ಬೆರೆಸುವ ಶೇ 20ರ ಎಥೆನಾಲ್ ಲೆಕ್ಕದಲ್ಲಿಟ್ಟು ಮಾಡಿದ್ದಲ್ಲ. ನಮ್ಮದೇ ಸೀಮೆಯ ಕಬ್ಬಿನಿಂದಲೂ ಆ ಎಥೆನಾಲ್ ಬರುತ್ತಿದೆ ಎಂಬ ಸಂತೋಷದ ಜೊತೆಗೆ ಇಂಧನದ ಪೈಪು, ಸೀಲುಗಳನ್ನು ಪ್ರತಿ ಸರ್ವಿಸಿನಲ್ಲೂ ನೋಡಿಸಬೇಕು.

ಬುತ್ತಿ ಪೂರ್ತಿ ಖಾಲಿಯಾಗುವ ಮುಂಚೆ ಮಾಡುವ ಕೆಲಸವೊಂದಿದೆ. ಕೊನೆಯ ದಿನಕ್ಕೆ ಒಂದೆರಡು ತಿಂಗಳು ಇರುವಾಗಲೇ ಕಾರನ್ನು ಹೊರಗಿನ ಒಳ್ಳೆಯ ಮೆಕ್ಯಾನಿಕ್ಕನ ಲಿಫ್ಟಿನ ಮೇಲೆ ಏರಿಸಿ. ಸೋರಿಕೆ, ಸದ್ದು, ನಡುಕ ಒಂದೊಂದನ್ನೂ ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ಅಧಿಕೃತ ಸರ್ವಿಸಿಗೆ ಹೋಗಿ, ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಇಸಿದುಕೊಳ್ಳಿ. ದುಡ್ಡು ಕೊಟ್ಟು ವಾರಂಟಿ ಮುಂದುವರಿಸುವ ಅವಕಾಶ ಇದ್ದರೆ ಗೇರ್‌ಬಾಕ್ಸಿನ ನಿಯಂತ್ರಣ ಘಟಕ ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲೇ ಕೇಳಿ, ಸೇರಿದ್ದರೆ ಕೊಳ್ಳಿ. ಕೊಡುವುದೇ ಎಂದು ತೀರ್ಮಾನಿಸಿದರೂ ವಾರಂಟಿ ಕೆಲವು ತಿಂಗಳು ಉಳಿದಿರುವಾಗಲೇ ಕೊಡಿ. ಉಳಿದ ತಿಂಗಳುಗಳಿಗೂ ಕೊಳ್ಳುವವನು ಬೆಲೆ ಕೊಡುತ್ತಾನೆ.